ಅಜ್ಜಿಯ ಮೂಗು, ಅವನ ಸೂಜಿ

ನಮ್ಮ ಹೋಟೆಲಿಗೆ ಅಪ್ಪ ಯಜಮಾನ ಎನ್ನುವುದು ಬೋರ್ಡಿನ ಮೇಲೆ ಮಾತ್ರ. ನಿಜವಾದ ಯಜಮಾನಿಕೆ ಅಜ್ಜಿಯ ಮೂಗಿನದು. ಅಡುಗೆಮನೆಯ ಬಾಗಿಲು ದಾಟುವ ಮುಂಚೆ ಪ್ರತಿ ಪಾತ್ರೆಯೂ ಆ ಮೂಗಿನ ಕೆಳಗೆ ಬರಬೇಕು. ಅಜ್ಜಿ ಕಣ್ಣು ಮುಚ್ಚಿ ಉಸಿರೆಳೆದು "ಹೋಗಲಿ" ಎಂದರೆ ಪಾತ್ರೆ ಹೊರಗೆ ಹೋಗುತ್ತದೆ. "ಊಹೂಂ" ಎಂದರೆ ಕಸದ ಬಕೆಟ್ಟಿಗೆ. ಅದರ ಮೇಲೆ ಅಪೀಲಿಲ್ಲ.

ಅಂಥ ಮನೆಯಲ್ಲಿ ಹುಟ್ಟಿ ನಾನು ಪ್ರೀತಿಸಿದ್ದು ಯಾರನ್ನು? ಆಹಾರ ತಪಾಸಣೆಯ ಇನ್ಸ್‌ಪೆಕ್ಟರನ್ನು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮೊದಲ ದಿನವೇ ಅವನು ಜೇಬಿನಿಂದ ಉದ್ದ ಮೂತಿಯ ಥರ್ಮಾಮೀಟರ್ ತೆಗೆದು, ಅಜ್ಜಿ ಆಗಷ್ಟೇ "ಹೋಗಲಿ" ಎಂದಿದ್ದ ಸಾರಿಗೆ ಚುಚ್ಚಿಬಿಟ್ಟ. ಅಜ್ಜಿ ಸೌಟು ಹಿಡಿದು ಅವನನ್ನು ಬೀದಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದಳು. ಅಂದಿನಿಂದ ಅವನಿಗೆ ನಮ್ಮನೆಯಲ್ಲಿ ಸೂಜಿ ಎಂದೇ ಹೆಸರು. ಆಮೇಲೆ ಸೂಜಿ ತಪಾಸಣೆಯ ನೆಪದಲ್ಲಿ ಎಷ್ಟು ಸಲ ಬಂದನೆಂದರೆ, ಇಡೀ ಊರಿನಲ್ಲಿ ನಮ್ಮಷ್ಟು ಗಲೀಜು ಹೋಟೆಲು ಇನ್ನೊಂದಿಲ್ಲವೆಂದು ಅಕ್ಕಪಕ್ಕದವರು ಗುಸುಗುಸು ಶುರು ಮಾಡಿದರು. ನಾನು ಫ್ರಿಜ್ಜಿನ ಬಾಗಿಲು ಹಿಡಿದು ನಿಲ್ಲುತ್ತಿದ್ದೆ, ಅವನು ಒಳಗಿನ ತಂಪು ಅಳೆಯುತ್ತಿದ್ದ, ಇಬ್ಬರೂ ಬೇಕೆಂದೇ ತಡ ಮಾಡುತ್ತಿದ್ದೆವು.

ಮದುವೆಯ ಮಾತೆತ್ತಿದಾಗ ಅಜ್ಜಿ ಒಂದೇ ಷರತ್ತು ಹಾಕಿದಳು.

"ಆಗು, ಯಾರು ಬೇಡ ಅಂದ್ರು? ಅವನು ಅವನಮ್ಮನ ಜೊತೆ ಬಂದು, ನಾನು ಬಡಿಸಿದ್ದನ್ನ ಸೂಜಿ ಚುಚ್ಚದೆ ಉಣ್ಣಬೇಕು. ಒಂದ್ಸಲ ಚುಚ್ಚಿದ್ರೂ ಈ ಸಂಬಂಧ ಬೇಡ. ನನ್ನ ಮೂಗನ್ನೇ ನಂಬದವನ ಕೈಗೆ ನನ್ನ ಮೊಮ್ಮಗಳನ್ನ ನಂಬಿ ಹೇಗೆ ಕೊಡ್ಲಿ?"

ಅಜ್ಜಿಯ ಮಾತು ಮೀರಿ ಮದುವೆಯಾಗುವ ಧೈರ್ಯ ನನಗಿರಲಿಲ್ಲ. ಮನಸ್ಸೂ ಇರಲಿಲ್ಲ. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಆ ಒಲೆಗಳ ಮುಂದೆ ಬೆಳೆಸಿದವಳು ಅವಳು. ಸೂಜಿ ನನ್ನ ಕೈ ಹಿಡಿದು, "ಆಣೆ ಮಾಡ್ತೀನಿ ಕಣೇ, ಅದನ್ನ ಮನೇಲೇ ಬಿಟ್ಟು ಬರ್ತೀನಿ," ಎಂದ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಬೀಗರು ಊಟಕ್ಕೆ ಬರುವ ದಿನ ಹೋಟೆಲು ಮುಚ್ಚಿದೆವು. ಹಿಂದಿನ ಸಂಜೆಯೇ ಅಜ್ಜಿ ತಣ್ಣಗೇ ಬಡಿಸುವ ಕೋಳಿ ಬೇಯಿಸಿ, ಕಸ್ಟರ್ಡ್ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದಳು. ಅಲಂಕಾರದ ಜವಾಬ್ದಾರಿ ಚಿಕ್ಕಪ್ಪನದು. ಅವನು ಗೋಡೆಯ ತುಂಬ ಬಣ್ಣದ ಬಲ್ಬಿನ ಸರ ಎಳೆದು, ಸಂಜೆಯೇ ಹಚ್ಚಿ, ಮಧ್ಯಾಹ್ನದ ಬಿಸಿಲಲ್ಲೂ ಆರಿಸಲು ಒಪ್ಪಿರಲಿಲ್ಲ. "ಬೀಗರು ಬಂದಾಗ ಮನೆ ಝಗಮಗ ಅನ್ನಬೇಕಮ್ಮಾ!"

ಸೂಜಿ ಮತ್ತು ಅವನಮ್ಮ ಬಂದರು. ಅವನಮ್ಮನ ತೋಳಿನಲ್ಲಿ ಇಡೀ ಸಂಸಾರ ಹಿಡಿಸುವಷ್ಟು ದೊಡ್ಡ ಕೈಚೀಲ. ಚಿಕ್ಕಪ್ಪ ಫ್ರಿಜ್ಜಿನಿಂದ ಪಾತ್ರೆಗಳನ್ನು ಹೊತ್ತು ತಂದ. ಅಜ್ಜಿ ಕಣ್ಣು ಮುಚ್ಚಿ ಮೂಸಿ, "ಹೋಗಲಿ" ಎಂದಳು. ಅಪ್ಪ ಬಡಿಸತೊಡಗಿದ. ಚಿಕ್ಕಪ್ಪ ಬ್ರೆಡ್ ಕಾಯಿಸಲು ಒಲೆಯ ಮೇಲೆ ಕಾವಲಿಯಿಟ್ಟ. ನಾನು ಬೆಣ್ಣೆ ತರಲು ಫ್ರಿಜ್ ತೆಗೆದೆ.

ಒಳಗೆ ದೀಪವಿಲ್ಲ. ಸದ್ದಿಲ್ಲ. ಬೆಣ್ಣೆ ಕರಗಿ ತಟ್ಟೆಯಲ್ಲಿ ಈಜುತ್ತಿತ್ತು. ವೈರು ಹಿಡಿದು ನೋಡಿದರೆ ಫ್ರಿಜ್ಜಿನ ಪ್ಲಗ್ಗು ನೆಲದ ಮೇಲೆ ಬಿದ್ದಿದೆ, ಅದರ ಜಾಗದಲ್ಲಿ ಬಲ್ಬಿನ ಸರ ಕುಳಿತಿದೆ.

"ಚಿಕ್ಕಪ್ಪಾ! ಏನಿದು?"

"ಅದಾ? ಸಾಕೆಟ್ ಒಂದೇ ಇತ್ತು, ನಿನ್ನೆ ಸಂಜೆನೇ ತೆಗ್ದೆ. ಬಾಗಿಲು ಮುಚ್ಚೇ ಇತ್ತಲ್ಲ, ತಣ್ಣಗೆ ಇರುತ್ತೆ ಅಂದ್ಕೊಂಡೆ."

ಅತ್ತ ದರಿ, ಇತ್ತ ಪುಲಿ! ಬಾಯಿ ಬಿಟ್ಟರೆ ಬೀಗರೆದುರು ಅಜ್ಜಿಯ ಮೂಗು ಕುಯ್ದ ಹಾಗೆ, ಮದುವೆ ಮುರಿದ ಹಾಗೆ. ಬಿಡದಿದ್ದರೆ ಸಂಜೆಯೊಳಗೆ ಎರಡೂ ಮನೆಯವರು ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿರುತ್ತೇವೆ. ಯೋಚಿಸುವ ಜಾಯಮಾನ ನನ್ನದಲ್ಲ, ಓಡಿದೆ. ಸೂಜಿಯ ಬಾಯಿಗೆ ಇನ್ನೇನು ಸೇರಲಿದ್ದ ಕೋಳಿಯ ತುಂಡನ್ನು ಕಿತ್ತುಕೊಂಡೆ. ಅವನಮ್ಮನ ತಟ್ಟೆಯನ್ನೂ ಎಳೆದುಕೊಂಡೆ. ಅತ್ತೆಯ ಮುಂದಿನ ತಟ್ಟೆ ಎಳೆಯಲು ಸೊಸೆಯಂದಿರು ಒಂದೆರಡು ವರ್ಷವಾದರೂ ಕಾಯುತ್ತಾರೆ. ನನ್ನದು ಮದುವೆಗೆ ಮುಂಚೆಯೇ ಮುಗಿಯಿತು.

"ಏನೇ ಇದು, ಹುಚ್ಚು ಹಿಡಿದಿದೆಯಾ?" ಎಂದಳು ಅಜ್ಜಿ.

"ಅಜ್ಜೀ, ನಿನ್ನೆ ಸಂಜೆಯಿಂದ ಫ್ರಿಜ್ ಆಫ್ ಆಗಿದೆ! ಇದನ್ನ ತಿನ್ನೋ ಹಾಗಿಲ್ಲ."

"ಆದ್ರೇನೀಗ? ನಾನು ಮೂಸಿದೀನಿ. ಹೋಗಲಿ ಅಂದಿದೀನಿ."

ಎಲ್ಲರೂ ಸೂಜಿಯ ಕಡೆ ನೋಡಿದರು. ಪಾಪ, ಅವನ ಮುಖ ಬೆಳ್ಳಗೆ ಸುಣ್ಣವಾಗಿತ್ತು. "ಅಜ್ಜಿ, ನಾನು ಚುಚ್ಚಲ್ಲ, ಆಣೆ ಮಾಡಿದೀನಿ. ಅಮ್ಮಂಗೆ ಮಾತ್ರ ಬೇಡ. ನಾನೊಬ್ಬನೇ ತಿಂತೀನಿ, ಕೊಡಿ," ಎಂದು ತಟ್ಟೆಗೆ ಕೈ ಚಾಚಿದ.

"ತಿಂದು ಸಾಯ್ತೀಯೇನೋ, ಕತ್ತೆ!" ಎಂದು ಅವನ ಕೈ ಮೇಲೆ ಬಾರಿಸಿದೆ. ಬಾರಿಸಿದ ಕೈಯನ್ನೇ ಹಿಡಿದು ಮುತ್ತಿಡಬೇಕೆನಿಸಿತು. ನನಗಾಗಿ ಹೊಟ್ಟೆ ಕೆಡಿಸಿಕೊಳ್ಳಲು ಹೊರಟ ಇನ್ಸ್‌ಪೆಕ್ಟರು!

ಅಷ್ಟರಲ್ಲಿ ಅವನಮ್ಮ ಮೂಗು ಹಿಡಿದುಕೊಂಡರು. ಅಪ್ಪ ಕೆಮ್ಮಿದ. "ಅಯ್ಯಯ್ಯೋ ನನ್ನ ಬ್ರೆಡ್ಡು!" ಎಂದು ಚಿಕ್ಕಪ್ಪ ಒಳಗೆ ಓಡಿದ. ಸೀದ ವಾಸನೆ ತಲೆ ಸುತ್ತುವಂತೆ ತುಂಬಿಕೊಂಡಿತ್ತು. ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದ ಅಜ್ಜಿ ಮಾತ್ರ ಕಸ್ಟರ್ಡಿನ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, "ಇಷ್ಟು ಘಮ ಘಮ ಅಂತಿದೆ, ಇದಕ್ಕೇನಾಗಿದೆ ಧಾಡಿ?" ಎನ್ನುತ್ತಿದ್ದಳು. ಅವಳ ಬೆನ್ನ ಹಿಂದಿನಿಂದಲೇ ಹೊಗೆ ಬರುತ್ತಿತ್ತು.

ಅಜ್ಜಿ ನಮ್ಮ ಮುಖಗಳನ್ನು ನೋಡಿದಳು, ತಿರುಗಿ ಹೊಗೆಯನ್ನು ನೋಡಿದಳು, ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವಾಗಿಂದ ಅಜ್ಜಿ?" ಎಂದೆ.

"ಆ ದೊಡ್ಡ ಜ್ವರ ಬಂದಿತ್ತಲ್ಲ, ಆಗಿಂದ. ಕಣ್ಣು ಮುಚ್ಚೋ ಮುಂಚೆ ನಿಮ್ಮ ಮುಖ ನೋಡ್ಕೊಂಡು ಹೇಳ್ತಿದ್ದೆ. ನೀನು ಮುಖ ಸಿಂಡರಿಸಿದ್ರೆ ಊಹೂಂ, ಇಲ್ಲಾಂದ್ರೆ ಹೋಗಲಿ. ಮೂಗೂ ಹೋಯ್ತು ಅಂದ್ಮೇಲೆ ಈ ಅಡುಗೆಮನೇಲಿ ನನಗೇನಿದೆ ಹೇಳು?"

ನನಗೆ ಅಳು ಬಂತು. ಸೂಜಿ ಎದ್ದು ಹೋಗಿ ಅವಳ ಕಾಲ ಬಳಿ ಕುಳಿತ.

"ಅಜ್ಜಿ, ನಿಮ್ಮ ಮೂಗು ಸರಿಯಾಗಿದ್ದಿದ್ರೂ ಇದು ಗೊತ್ತಾಗ್ತಿರ್ಲಿಲ್ಲ. ಹಳಸಿದ್ದು ನಾರುತ್ತೆ, ಸರಿ. ಆದ್ರೆ ಮನುಷ್ಯನ್ನ ಮಲಗಿಸೋ ಕ್ರಿಮಿಗೆ ಎಷ್ಟೋ ಸಲ ವಾಸನೆನೂ ಇರಲ್ಲ, ರುಚಿನೂ ಇರಲ್ಲ. ನನ್ನ ಮೂಗಿಗೂ ಸಿಗಲ್ಲ ಅದು. ಅದಕ್ಕೇ ಕಾವು ಅಳೆಯೋಕೆ ಸೂಜಿ ಇಟ್ಕೊಂಡು ಓಡಾಡ್ತೀನಿ."

"ಒಂದು ಕುದಿ ಕುದಿಸಿಬಿಟ್ರೆ?" ಎಂದ ಚಿಕ್ಕಪ್ಪ, ಕರಿ ಬ್ರೆಡ್ ಹಿಡಿದು ಬಾಗಿಲಲ್ಲಿ ನಿಂತು.

"ಕೆಲವು ಕ್ರಿಮಿ ಸತ್ರೂ ಅವು ಬಿಟ್ಟ ವಿಷ ಕುದಿಸಿದ್ರೂ ಹೋಗಲ್ಲ."

"ನೀನು ಬಾಯಿ ಮುಚ್ಕೊಂಡು ಬಲ್ಬು ಆರಿಸು," ಎಂದು ಅಜ್ಜಿ ಚಿಕ್ಕಪ್ಪನ ಮೇಲೆ ಹರಿಹಾಯ್ದಳು. ಅವಳ ದನಿ ಮರಳಿದ್ದು ಕೇಳಿ ನನಗೆ ಜೀವ ಬಂತು. ಆಮೇಲೆ ಕಾಲ ಬಳಿ ಕುಳಿತವನ ಕಡೆ ತಿರುಗಿ, "ಎಲ್ಲೋ ನಿನ್ನ ಸೂಜಿ?" ಎಂದಳು.

"ಮನೇಲಿದೆ ಅಜ್ಜಿ. ಆಣೆ ಮಾಡಿದ್ನಲ್ಲ."

ಅವನಮ್ಮ ಕೈಚೀಲದ ಜಿಪ್ ಎಳೆದು ಥರ್ಮಾಮೀಟರನ್ನು ಮೇಜಿನ ಮೇಲಿಟ್ಟರು. "ಆಣೆ ಮಾಡಿದ್ದು ಅವನು, ನಾನಲ್ಲ."

ಅಜ್ಜಿ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ನಕ್ಕಳು ನೋಡಿ, ಆ ನಗುವಿಗೆ ಅಪ್ಪನೂ ನಕ್ಕ, ಸೂಜಿಯೂ ನಕ್ಕ, ನಾನಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕುಳಿತೆ.

ಎಲ್ಲರೂ ಸೋಪು ಹಚ್ಚಿ ಕೈ ತೊಳೆದೆವು. ಬುಟ್ಟಿಯಲ್ಲಿ ಮೊಟ್ಟೆಗಳಿದ್ದವು, ಈರುಳ್ಳಿಯಿತ್ತು. ಅಜ್ಜಿ ದಪ್ಪನೆಯ ಆಮ್ಲೆಟ್ ಹಾಕಿ, ತೊಳೆದ ಸೂಜಿಯನ್ನು ತಾನೇ ನಡುಮಧ್ಯೆ ಚುಚ್ಚಿದಳು. ಮಗುವಿನ ಕೈಗೆ ಪೀಪಿ ಸಿಕ್ಕ ಹಾಗಾಯಿತು. ಆಮೇಲೆ ಚಹಾಕ್ಕೆ ಚುಚ್ಚಿದಳು, ಚಿಕ್ಕಪ್ಪನ ಸುಟ್ಟ ಬ್ರೆಡ್ಡಿಗೂ ಚುಚ್ಚಿದಳು, ತಿರುಗಿ ಆಮ್ಲೆಟ್ಟಿಗೇ ಬಂದಳು. ಅಂಕಿ ಮಾತ್ರ ಅವಳ ಕಣ್ಣಿಗೆ ಕಾಣಲಿಲ್ಲ.

"ಓದಿ ಹೇಳೋ."

"ಎಪ್ಪತ್ತೆಂಟು ಡಿಗ್ರಿ, ಅಜ್ಜಿ. ಚೆನ್ನಾಗಿ ಬೆಂದಿದೆ."

"ಹೋಗಲಿ!" ಎಂದು ಅಜ್ಜಿ ಬೀದಿಗೇ ಕೇಳುವಂತೆ ಕೂಗಿದಳು. ಆಮೇಲೆ ಅವನ ಕಿವಿ ಹಿಂಡಿದಳು. "ದಿನಾ ಬೆಳಿಗ್ಗೆ ಬಂದು ನನಗೆ ಇದನ್ನ ಓದಿ ಹೇಳಬೇಕು. ಸಂಬಳ ಗಿಂಬಳ ಇಲ್ಲ. ಮೊಮ್ಮಗಳನ್ನ ಕೊಡ್ತೀನಿ, ಇಟ್ಕೋ."

ಸೂಜಿ ಆನಂದದಲ್ಲಿ ಬಿಸಿ ಆಮ್ಲೆಟ್ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡ.

ಊಟವಾದ ಮೇಲೆ ಕಸ್ಟರ್ಡನ್ನು ಚೆಲ್ಲಲು ಅಜ್ಜಿಯೇ ಹೊರಟಳು, ನಾನು ಬಕೆಟ್ಟು ಹಿಡಿದೆ. ಸುರಿಯುವ ಮುಂಚೆ ಅಭ್ಯಾಸಬಲದಿಂದ ಪಾತ್ರೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಉಸಿರೆಳೆದಳು.

"ನಿಜ ಹೇಳು. ಕೆಟ್ಟ ವಾಸನೆ ಬರ್ತಿದೆಯಾ?"

ನಾನು ಬಗ್ಗಿ ಮೂಸಿದೆ. ಏಲಕ್ಕಿ, ಹಾಲು, ಸಕ್ಕರೆ. ನನ್ನ ಬಾಯಲ್ಲಿ ನೀರೂರಿತು.

"ಇಲ್ಲ ಅಜ್ಜಿ. ಘಮ ಘಮ ಅಂತಿದೆ."

"ಹಾಗಾದ್ರೆ ಸುರಿ," ಎಂದು ಅಜ್ಜಿ ಪಾತ್ರೆಯನ್ನು ನನ್ನ ಕೈಗಿತ್ತಳು.