ಏಕಾದಶಿಯ ದಿನ ಚೀನೀ ಟೀ

ನಮ್ಮ ಯಜಮಾನರು ಚಕ್ರಪಾಣಿಯವರಿಗೆ ಬ್ಯಾಂಕಿನ ಕೆಲಸದಲ್ಲಿದ್ದಾಗ ಕೋಲ್ಕತ್ತಕ್ಕೆ ವರ್ಗವಾಗಿತ್ತು. ಬೇರೆಯವರು ಅಲ್ಲಿಂದ ರಸಗುಲ್ಲ ತಂದರೆ ಇವರು ಕುಂಗ್ ಫೂ ತಂದರು. ಅಲ್ಲಿನ ಚೀನೀ ಮೇಷ್ಟ್ರೊಬ್ಬರ ಹತ್ತಿರ ಕಲಿತು ಬಂದು, ಬಸವನಗುಡಿಯ ನಮ್ಮ ಮನೆಯ ತಾರಸಿಯ ಮೇಲೆ, ನಾನು ಹಪ್ಪಳ ಒಣಗಿಸುವ ಜಾಗದಲ್ಲೇ ಶಾಲೆ ತೆರೆದರು. ಶಿಷ್ಯರು ಇವರನ್ನು ‘ಸಿಫು’ ಎನ್ನುತ್ತಾರೆ. ಗುರು ಎಂದರ್ಥವಂತೆ. ಮನೆಯಲ್ಲಿ ಯಾರೂ ಗುರು ಎನ್ನದಿದ್ದರೆ ಮನುಷ್ಯ ಚೀನಾದವರೆಗೂ ಹೋಗುತ್ತಾನೆ.

ವರ್ಷಕ್ಕೊಮ್ಮೆ ಈ ವಿದ್ಯೆಯ ಮೂಲಗುರುವಿನ ಹಬ್ಬ. ಚೀನಾದಲ್ಲಿ ಆ ದಿನ ಇಡೀ ಹಂದಿಯನ್ನು ಸುಟ್ಟು ಅವರ ಫೋಟೋದ ಮುಂದೆ ಇಡುತ್ತಾರಂತೆ. ಗಾಂಧಿ ಬಜಾರಿನ ಪಕ್ಕದಲ್ಲಿ ಹಂದಿ ಸುಟ್ಟರೆ ಜನ ನಮ್ಮನ್ನೇ ಸುಟ್ಟಾರು ಎಂದು ಇವರು ಬೂದುಗುಂಬಳಕಾಯಿಗೆ ಕುಂಕುಮ ಬಳಿದು ಇಡುತ್ತಾರೆ. ಇಬ್ಬರು ಹುಡುಗರು ಬಟ್ಟೆಯ ಸಿಂಹದೊಳಗೆ ಹೊಕ್ಕು ಕುಣಿದು, ಬಾಗಿಲಿಗೆ ಕಟ್ಟಿದ ಸೊಪ್ಪನ್ನು ಬಾಯಿ ಹಾಕಿ ಕೀಳಬೇಕು; ನಮ್ಮಲ್ಲಿ ಅದು ದಂಟಿನ ಸೊಪ್ಪು. ಮೂಲಗುರುವಿಗೆ ಸೇವಂತಿಗೆ ಹಾರ, ಹಣೆಗೆ ಗಂಧ. ಪಾಪ, ತಾನು ಯಾವ ಮಠಕ್ಕೆ ಸೇರಿದೆನೆಂದು ಆ ಮನುಷ್ಯನಿಗೆ ಇನ್ನೂ ತಿಳಿದಿರಲಿಕ್ಕಿಲ್ಲ.

ಅವತ್ತಿನ ಮುಖ್ಯ ಶಾಸ್ತ್ರ ಟೀಯದು. ಶಿಷ್ಯ ಮಂಡಿಯೂರಿ ಗುರುವಿಗೆ ಟೀ ಕೊಡಬೇಕು. ಗುರು ಕುಡಿದರೆ ಅವನು ಮನೆಮಗ. ಗುರುವಿನ ಹೆಸರು ಹೇಳಿಕೊಂಡು ತಾನೂ ಶಾಲೆ ನಡೆಸಬಹುದು. ಕುಡಿಯದಿದ್ದರೆ ಎಲ್ಲರೆದುರು ಬೇಡವೆಂದ ಹಾಗೆ, ಮತ್ತೆ ಕೇಳುವಂತಿಲ್ಲ. ಹೋದ ವರ್ಷ ನಾದಿನಿಯ ಮಗ ಶ್ರೀಹರಿ ಕೊಟ್ಟಿದ್ದ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ವೀರ ಅವನು. ಅವನ ಟೀ ಕುಡಿದು ಇವರು ಇನ್ನೊಂದು ಲೋಟಕ್ಕೂ ಕೈ ಚಾಚಿದ್ದರು.

ಈ ವರ್ಷ ಬಿಂದುವಿನ ಸರದಿ. ಬಿನ್ನಿಪೇಟೆಯ ಮುನಿಯಕ್ಕನ ಮಗಳು, ಎರಡು ಜಡೆಯ ಕಾಲದಿಂದ ನಮ್ಮಲ್ಲಿ ಕಲಿಯುತ್ತಿದ್ದಾಳೆ. ಬೆಳಗಿನ ಕ್ಲಾಸು ನಡೆಸುವವಳು ಅವಳೇ. ಆ ಹೊತ್ತಿನಲ್ಲಿ ಸಿಫು ಪೇಪರ್ ಓದುತ್ತಿರುತ್ತಾರೆ. ತನ್ನ ಬೀದಿಯ ಹೆಣ್ಣುಮಕ್ಕಳಿಗೆ ತಾನೇ ಶಾಲೆ ತೆರೆದು ಕಲಿಸಬೇಕು ಎಂಬುದೊಂದೇ ಅವಳ ಆಸೆ. ಆ ಟೀ ಇವರ ಗಂಟಲಿಗಿಳಿಯದೆ ಅದು ಆಗುವಂತಿರಲಿಲ್ಲ.

ಪ್ರತಿವರ್ಷ ಹಬ್ಬವನ್ನು ಭಾನುವಾರ ನೋಡಿ ಮಾಡುತ್ತಿದ್ದವರಿಗೆ ಈ ಸಲ ಇದ್ದಕ್ಕಿದ್ದಂತೆ ಶಾಸ್ತ್ರ ನೆನಪಾಯಿತು. “ಚೀನಾದವರದ್ದೂ ಚಾಂದ್ರಮಾನ ಕಣೇ, ತಿಥಿ ಪ್ರಕಾರಾನೇ ಮಾಡ್ಬೇಕು” ಎಂದು ಮಠದ ಪಂಚಾಂಗ ಬಿಡಿಸಿ, ಬೆರಳು ಮಡಿಸಿ ದಿನ ಗೊತ್ತುಮಾಡಿದರು. ಅದು ಏಕಾದಶಿ.

“ಅವತ್ತು ಟೀ ಹೇಗ್ರೀ ಕುಡೀತೀರಾ?” ಎಂದೆ.

“ನೋಡೋಣ” ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಆಗಲೇ ನೋಡಿಯಾಗಿದೆ ಎಂದರ್ಥ.

ಹಬ್ಬದ ದಿನ ತಾರಸಿ ತುಂಬ ಜನ. ಮುನಿಯಕ್ಕ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಿಂದು ಮಂಡಿಯೂರಿ, ಎರಡೂ ಕೈಯಲ್ಲಿ ಲೋಟ ಹಿಡಿದು, ತಲೆ ಬಗ್ಗಿಸಿದಳು.

“ಇವತ್ತು ಏಕಾದಶಿ ಕಣಮ್ಮ. ನಾನು ಏನೂ ತಗೊಳ್ಳೋ ಹಾಗಿಲ್ಲ” ಎಂದರು ಸಿಫು.

“ಒಂದು ಗುಟುಕು ಸಾಕು ಸರ್.”

“ಸಂಪ್ರದಾಯ ಅಂದ್ರೆ ಸಂಪ್ರದಾಯ, ಬಿಂದು. ಎದ್ದೇಳು” ಎಂದ ಶ್ರೀಹರಿ.

ಅವಳು ಏಳಲಿಲ್ಲ. ಲೋಟವನ್ನು ಇನ್ನಷ್ಟು ಮುಂದೆ ಚಾಚಿದಳು.

ನನಗೆ ಮೈಯೆಲ್ಲ ಉರಿಯಿತು. ಮುನಿಯಕ್ಕನ ಗೃಹಪ್ರವೇಶಕ್ಕೆ ಹೋಗಿದ್ದಾಗ ಯಾವ ಏಕಾದಶಿಯೂ ಇರಲಿಲ್ಲ. ಆದರೂ ಅಲ್ಲಿ ಇವರು ತಿಂದದ್ದು ಒಂದೇ ಬಾಳೆಹಣ್ಣು, ಅದೂ ಸಿಪ್ಪೆಯೊಳಗಿತ್ತು ಎಂಬ ಕಾರಣಕ್ಕೆ. ಆ ಹುಡುಗಿಯ ಬೆವರು ಬೇಕು, ಬೆಳಗಿನ ಕ್ಲಾಸು ಬೇಕು, ಅವಳ ಕೈಯ ಟೀ ಮಾತ್ರ ಬೇಡ. ದೇವರನ್ನು ಗುರಾಣಿ ಮಾಡಿಕೊಳ್ಳುವ ಪಟ್ಟನ್ನು ಇವರಿಗೆ ಆ ಚೀನೀ ಮೇಷ್ಟ್ರು ಕಲಿಸಿರಲಾರರು. ಅದು ನಮ್ಮ ಕಡೆಯದೇ ವಿದ್ಯೆ.

“ಏಳಮ್ಮ, ಮನೆಗೋಗಣ” ಎಂದಳು ಮುನಿಯಕ್ಕ, ಮೆಲ್ಲಗೆ. ಅವಳಿಗೂ ಎಲ್ಲ ಅರ್ಥವಾಗಿತ್ತು.

ತಟ್ಟೆಯಲ್ಲಿ ಇನ್ನೊಂದು ಲೋಟವಿತ್ತು. ಗುರುವಿನ ಹೆಂಡತಿಗೂ ಟೀ ಕೊಡುವುದು ಚೀನಾದವರ ಪದ್ಧತಿ.

“ಬಿಂದು, ನನ್ನ ಲೋಟ ಕೊಡಮ್ಮ” ಎಂದೆ.

“ನಿಮಗೂ ಏಕಾದಶಿ ಅಲ್ವಾ ಅಮ್ಮ?”

“ಕೊಡು.”

ಹಿಂದಿನ ರಾತ್ರಿಯಿಂದ ನಾನು ನೀರೂ ಮುಟ್ಟಿರಲಿಲ್ಲ. ಅತ್ತೆ ಇದ್ದಾಗ ಹಿಡಿದ ವ್ರತ, ಬಾಣಂತನದಲ್ಲಿ ಬಿಟ್ಟರೆ ಒಮ್ಮೆಯೂ ತಪ್ಪಿಸಿದವಳಲ್ಲ. ಮನಸ್ಸಿನಲ್ಲೇ ದೇವರಿಗೊಂದು ಕೈ ಮುಗಿದು ಕುಡಿದೆ. ಹಾಲಿಲ್ಲ, ಸಕ್ಕರೆಯಿಲ್ಲ, ಅದಕ್ಕಿಂತ ಕಷಾಯ ವಾಸಿ. ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ.

“ಗೋದಾ, ಇವತ್ತು ಏಕಾದಶಿ” ಎಂದರು ಇವರು, ಹಲ್ಲು ಕಚ್ಚಿಕೊಂಡು.

“ಗೊತ್ತು ರೀ. ಬೆಳಿಗ್ಗೆ ನಿಮಗೆ ಎರಡು ಸಲ ಕಾಫಿ ಬೆರೆಸಿ ಕೊಟ್ಟಾಗ್ಲೂ ಗೊತ್ತಿತ್ತು.”

ಸಿಂಹದ ಹೊಟ್ಟೆಯೊಳಗಿಂದ ಯಾರೋ ಕಿಸಕ್ಕೆಂದರು. ಇವರು ನನ್ನ ಮುಖ ನೋಡಿದರು. ನಾನು ಇನ್ನೊಂದು ಮಾತಿಗೆ ಬಾಯಿ ತೆರೆಯುವುದರೊಳಗೆ ಕೈ ಚಾಚಿ ಬಿಂದುವಿನ ಲೋಟ ತೆಗೆದುಕೊಂಡು, ಹರಳೆಣ್ಣೆ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಕುಡಿದುಬಿಟ್ಟರು. ಪ್ರೀತಿಯಿಂದಲ್ಲ, ನಾನು ಬಾಳೆಹಣ್ಣಿನ ವಿಷಯವನ್ನೂ ಎತ್ತಿಯೇನು ಎಂಬ ಭಯದಿಂದ. ಇರಲಿ, ಯಾಕೆ ಕುಡಿದ ಎಂದು ಶಾಸ್ತ್ರ ಕೇಳುವುದಿಲ್ಲ. ಮೊದಲು ಚಪ್ಪಾಳೆ ತಟ್ಟಿದವನು ಶ್ರೀಹರಿ. ಅವನು ಯಾವತ್ತೂ ಗಾಳಿ ಬಂದ ಕಡೆ ತೂರಿಕೊಳ್ಳುವವನೇ.

ಬಿಂದು ನನ್ನ ಕಾಲು ಹಿಡಿದು ಅತ್ತಳು. “ಅಳ್ಬೇಡ. ಹೋಗಿ ನಿನ್ನ ಶಾಲೆ ಶುರು ಮಾಡು” ಎಂದೆ.

ಆಮೇಲೆ ಕೆಳಗಿಳಿದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಅಷ್ಟು ವರ್ಷದ ವ್ರತ ಹೋಯಿತಲ್ಲ ಎಂದು ಸೆರಗು ಒದ್ದೆಯಾಗುವಷ್ಟು ಅತ್ತೆ. ತಪ್ಪಾಯಿತು ಎಂದು ದೇವರಿಗೆ ಹೇಳಬೇಕೆಂದು ಎಷ್ಟು ಹೊತ್ತು ಕೂತರೂ ಆ ಮಾತು ಮಾತ್ರ ಬಾಯಿಗೆ ಬರಲಿಲ್ಲ.