ಅತ್ತಿಗೆಗೆ ಕಂಡರಾಗದ ಚನ್ನವೀರ

ಅಣ್ಣ ನಂಜುಂಡ ಹೊದಿಕೆ ಮಡಿಸುತ್ತಿದ್ದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ: ಮೂಲೆಗೆ ಮೂಲೆ ಕೂಡಿಸಿ, ಒಂದು ಸುಕ್ಕೂ ಇಲ್ಲದಂತೆ. ಸೈನ್ಯ ಕಲಿಸಿದ ಅಭ್ಯಾಸ ಅದು. ಹರೆಯದ ಗಂಡಸರೆಲ್ಲ ಎರಡು ವರ್ಷ ಸೈನ್ಯದಲ್ಲಿ ದುಡಿಯಲೇಬೇಕೆಂಬ ಕಾನೂನಿದ್ದ ಕಾಲ. ಮದುವೆಯಾದ ಮರುತಿಂಗಳೇ ಅಣ್ಣನಿಗೆ ಕರೆ ಬಂತು. ಅತ್ತಿಗೆ ಸರ್ವಮಂಗಳ ಹೇಗೋ ಕಾದಳು. ಹಿಂದಿರುಗಿದ ಗಂಡನ ಬಾಯಲ್ಲಿ ಮಾತ್ರ ಬರೀ ಚನ್ನವೀರ.

ಚನ್ನವೀರ ಶಿಬಿರದಲ್ಲಿ ಅಣ್ಣನ ಪಕ್ಕದ ಮಂಚದವನು. ಅತ್ತಿಗೆ ಸಾರು ಬಡಿಸಿದರೆ ಅಣ್ಣನಿಗೆ ಚನ್ನವೀರನ ಕೈರುಚಿ ನೆನಪಾಗುತ್ತಿತ್ತು. ಗಡಿಯಲ್ಲಿ ಏನು ನಡೆಯಿತೆಂದು ಅತ್ತಿಗೆ ಕೇಳಿದರೆ, "ನಿಂಗೆ ಅರ್ಥ ಆಗಲ್ಲ ಬಿಡು. ಚನ್ನವೀರನಿಗೆ ಗೊತ್ತು," ಎನ್ನುತ್ತಿದ್ದ.

ಅತ್ತಿಗೆಗೆ ಹೊಟ್ಟೆ ಉರಿಯುತ್ತಿತ್ತು. "ಅವನು ಹೆಂಗಸಾಗಿದ್ರೆ ಜುಟ್ಟು ಹಿಡಿದು ಜಗಳ ಆಡ್ತಿದ್ದೆ, ಪುಟ್ಟಿ. ಗೆಳೆಯನ ಮೇಲೆ ಯಾರ ಹತ್ರ ದೂರು ಹೇಳಲಿ?" ಎಂದು ನನ್ನೆದುರು ಕಣ್ಣೊರೆಸಿಕೊಂಡಳು. ಒಂದು ಬೆಳಗ್ಗೆ ಆ ಮಡಿಸಿದ ಹೊದಿಕೆಯನ್ನು ಬೇಕೆಂದೇ ಮುದ್ದೆ ಮಾಡಿ ಎಸೆದಳು. ಅಣ್ಣ ಅದನ್ನು ಎತ್ತಿಕೊಂಡು ಮತ್ತೆ ಮಡಿಸಿದ.

ಕೊನೆಗೆ ಚನ್ನವೀರನೇ ಹೆಂಡತಿಯೊಡನೆ ನಮ್ಮ ಮನೆಗೆ ಬಂದ. ಕುಳ್ಳಗಿನ, ನಾಚಿಕೆಯ ಮನುಷ್ಯ. ಜಗಲಿಯಿಂದ ಅಣ್ಣನ ನಗು ಕೇಳಿಸಿತು. ಅಂಥ ನಗುವನ್ನು ಅತ್ತಿಗೆ ಒಂದು ದಿನವೂ ಕೇಳಿರಲಿಲ್ಲ. ಅವಳು ಸೌಟನ್ನು ಪಾತ್ರೆಗೆ ಕುಕ್ಕಿದಳು.

ಚನ್ನವೀರನ ಹೆಂಡತಿ ದಾಕ್ಷಾಯಿಣಿ ಅಡುಗೆಮನೆಗೆ ಬಂದು ಕೂತಳು. "ನಿಮ್ಮ ಯಜಮಾನ್ರು ಹೇಗಿದ್ದಾರೆ ನೋಡೋಣ ಅಂತಲೇ ಬಂದೆ, ಅಕ್ಕ. ನಮ್ಮನೇಲಿ ಬೆಳಗಾದ್ರೆ ನಂಜುಂಡ, ಬೈಗಾದ್ರೆ ನಂಜುಂಡ. ಅವರಷ್ಟು ತೆಳ್ಳಗೆ ರೊಟ್ಟಿ ತಟ್ಟೋರೇ ಇಲ್ವಂತೆ!"

"ಇವರಾ? ರೊಟ್ಟಿನಾ?" ಅತ್ತಿಗೆ ಬೆರಗಾದಳು. ನಾನು ಕಾಯಿ ತುರಿಯುವುದನ್ನು ಬಿಟ್ಟು ನಕ್ಕೆ, ಅವರಿಬ್ಬರೂ ನಕ್ಕರು.

ದಾಕ್ಷಾಯಿಣಿ ದನಿ ತಗ್ಗಿಸಿದಳು. "ನಿದ್ದೇಲಿ ಕೂಗ್ಕೋತಾರಾ ನಿಮ್ಮೋರೂ?"

ಅತ್ತಿಗೆಯ ನಗು ನಿಂತಿತು. "ಬಸಲಿಂಗ ಅಂತ."

"ನಮ್ಮೋರೂ ಅದೇ ಹೆಸರು. ಬಿಡದೆ ಕೇಳ್ದೆ, ಒಂದ್ಸಲ ಬಾಯಿಬಿಟ್ರು. ಇವರ ಜೊತೆಗಾರನಂತೆ, ಇನ್ನೂ ಮೀಸೆ ಬಲಿತಿರಲಿಲ್ಲವಂತೆ. ಗುಂಡು ಬಿದ್ದಾಗ ಇವರಿಬ್ಬರೇ ಹೊತ್ಕೊಂಡು ಬಂದ್ರಂತೆ. ದಾರೀಲೇ ಹೋಗ್ಬಿಟ್ಟ."

ಅತ್ತಿಗೆ ಗೂಡಿನಿಂದ ತುಪ್ಪದ ಗಿಂಡಿ ಇಳಿಸಿದಳು. ಆಮೇಲೆ ಎರಡು ತಟ್ಟೆಗೆ ಅನ್ನ ಬಡಿಸಿ ಜಗಲಿಗೆ ಒಯ್ದಳು. ಅಲ್ಲಿ ನಗು ನಿಂತು, ಗಂಡಸರಿಬ್ಬರೂ ಬೀದಿ ನೋಡುತ್ತ ಕೂತಿದ್ದರು.

"ಇನ್ನೂ ನಾಲ್ಕು ದಿನ ಇದ್ದು ಹೋಗಿ, ಅಣ್ಣ," ಎಂದಳು ಚನ್ನವೀರನಿಗೆ. ಅವನು ಸಾಕೆಂದು ಕೈ ಅಡ್ಡ ಹಿಡಿದರೂ ಬಿಡದೆ, ಅವನ ಬೆರಳ ಸಂದಿಯಿಂದಲೇ ಅನ್ನದ ಮೇಲೆ ತುಪ್ಪ ಸುರಿದಳು.