ಮಾವ ಚಿಕ್ಕವಳನ್ನೇ ಕರೆದರು

ಗಲ್ಲಾದ ಕಂಪ್ಯೂಟರಿನಲ್ಲಿ ಕ್ಯಾಲ್ಕುಲೇಟರ್ ತೆರೆಯುತ್ತಿಲ್ಲವೆಂದು ಮಾವ ಕೂಗಿದ್ದು ನನ್ನನ್ನಲ್ಲ, ಚಿಕ್ಕವಳನ್ನು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಾನು ಕುಳಿತಿದ್ದೆ. ಅವಳು ಹಿಂದಿನ ಕೋಣೆಯಲ್ಲಿ ಲ್ಯಾಮಿನೇಶನ್ ಮಾಡುತ್ತಿದ್ದಳು. ಕೂಗು ನನ್ನ ತಲೆಯ ಮೇಲಿಂದ ಹಾದು ಅವಳಿಗೆ ಹೋಯಿತು. ನಾನೇನು ಇಲ್ಲಿ ಗೋಡೆಗೆ ಒರಗಿಸಿಟ್ಟ ಏಣಿಯೇ?

ಚಿಕ್ಕವಳೆಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಈ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮನೆಯ ಮುಂಭಾಗದಲ್ಲೇ ನಮ್ಮ ಫೋಟೋ ಮತ್ತು ಪ್ರಿಂಟಿಂಗ್ ಅಂಗಡಿ ಇದೆ. ನನ್ನ ಗಂಡ, ಮೈದುನ ಇಬ್ಬರೂ ಕ್ಯಾಮೆರಾ ಹೊತ್ತು ಹೊರಗೆ ಓಡಾಡುತ್ತಾರೆ. ಒಳಗೆ ಪ್ರಿಂಟರ್ ಕಾಗದ ನುಂಗಿದರೂ, ಇಂಟರ್ನೆಟ್ ಹೋದರೂ ಸರಿಮಾಡುತ್ತ ಬಂದವಳು ನಾನು. ಮಾವನಿಗೆ ಈಚೆಗೆ ಮಂಡಿನೋವು ಜಾಸ್ತಿಯಾಗಿದೆ. ಇನ್ನು ಗಲ್ಲಾದಲ್ಲಿ ಕೂರುವುದು ಆಗದು, ಇಬ್ಬರು ಸೊಸೆಯರಲ್ಲಿ ಒಬ್ಬರಿಗೆ ಬಿಟ್ಟುಕೊಡುತ್ತೇನೆ ಎಂದಿದ್ದರು. ಯಾರಿಗೆ ಎಂದು ಬಾಯಿಬಿಟ್ಟಿರಲಿಲ್ಲ. ನನಗಲ್ಲದೆ ಇನ್ಯಾರಿಗೆ ಎಂದು ನಾನು ನಿಶ್ಚಿಂತೆಯಾಗಿದ್ದೆ. ಆ ಕೂಗು ಕೇಳಿದ ಮೇಲೆ ಆ ಧೈರ್ಯ ಇಳಿದುಹೋಯಿತು.

ಅವಳು ಬಂದು ಸ್ಟೂಲು ಎಳೆದುಕೊಂಡು ಮಾವನ ಪಕ್ಕ ಕುಳಿತಳು. ಕ್ಯಾಲ್ಕುಲೇಟರ್ ಒಂದೇ ಅಲ್ಲ, ಫೋಟೋ ನೋಡುವುದು, ಗಡಿಯಾರ, ಟಿಪ್ಪಣಿ ಬರೆಯುವುದು, ಯಾವುದನ್ನು ಒತ್ತಿದರೂ ಕಿಟಕಿಯೊಂದು ಕಣ್ಣು ಮಿಟುಕಿಸಿ ಮಾಯವಾಗುತ್ತಿತ್ತು. ನಾವು ದುಡ್ಡು ಕೊಟ್ಟು ಹಾಕಿಸಿದ ಡಿಸೈನಿಂಗ್ ಸಾಫ್ಟ್‌ವೇರ್ ಚೆನ್ನಾಗಿಯೇ ತೆರೆಯುತ್ತಿತ್ತು. ಕಂಪ್ಯೂಟರಿನ ಜೊತೆಗೇ ಬಂದವು ಮಾತ್ರ ಮುಷ್ಕರ ಹೂಡಿದ್ದವು.

ಚಿಕ್ಕವಳ ಚಿಕಿತ್ಸೆಯನ್ನು ನೋಡಬೇಕಿತ್ತು. ಆಫ್ ಮಾಡಿ ಆನ್ ಮಾಡಿದಳು. ಮತ್ತೆ ಆಫ್ ಮಾಡಿ ಆನ್ ಮಾಡಿದಳು. ಮಾವ ಮೌಸನ್ನು ಮೇಜಿಗೆ ಮೆಲ್ಲಗೆ ಕುಟ್ಟಿ ನೋಡು ಎಂದರು, ಅದನ್ನೂ ಮಾಡಿದಳು. ಆಮೇಲೆ ಇಬ್ಬರೂ ಪರದೆಯ ಮುಂದೆ ಪಿಳಿಪಿಳಿ ಕಣ್ಣು ಬಿಟ್ಟು ಕುಳಿತರು. ಅದರ ಮೇಲೆ ನಗು ಬೇರೆ. ಕೆಲಸ ಕೆಟ್ಟು ಕೂತಿದ್ದರೆ ಅದೇನು ನಗುವೋ! ನಾನು ಯಾರದೋ ಪಾಸ್‌ಪೋರ್ಟ್ ಫೋಟೋದ ಹಿನ್ನೆಲೆ ತೆಗೆಯುತ್ತಿದ್ದೆ. ಸಿಟ್ಟಿನಲ್ಲಿ ಆ ಮನುಷ್ಯನ ಒಂದು ಕಿವಿಯೂ ಹೋಯಿತು.

ಎಲ್ಲಿ ನೋಡಬೇಕೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಯಾಕೆ ಹೇಳಬೇಕು? ಕರೆದವರು ಯಾರು?

ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಂದೆ ಎಲ್ಲವನ್ನೂ ಕಕ್ಕಿದೆ. ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ, ನಾಳೆ ಗಲ್ಲಾದಲ್ಲೂ ಕೂರಿಸುತ್ತಾರೆ ಎಂದೆ. ನೀನೇ ಎದ್ದು ಹೋಗಿ ನೋಡಬಾರದಿತ್ತಾ ಎಂದು ಅವರು ಕೇಳಿದರು. ಕರೆಯದೆ ಹೋಗುವಷ್ಟು ಮಾನ ಬಿಟ್ಟಿಲ್ಲ ಎಂದೆ. ಇದು ಅಂಗಡಿ ಕಣೇ, ಯಾರದೋ ಮನೆ ಮದುವೆ ಅಲ್ಲ ಎಂದು ಹೇಳಿ ಕೈ ತೊಳೆಯಲು ಎದ್ದರು. ಇವರಿಂದ ಇದಕ್ಕಿಂತ ಹೆಚ್ಚೇನನ್ನು ನಿರೀಕ್ಷಿಸಲಿ, ನನ್ನ ಕರ್ಮ.

ಊಟವಾದ ಮೇಲೆ ಮಾವ ಒಳಗೆ ಹೋಗಿ ಅಡ್ಡಾದರು. ಚಿಕ್ಕವಳು ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ.

"ಅಕ್ಕಾ, ನನ್ನ ಕೈಲಿ ಆಗ್ತಿಲ್ಲ. ನೀವೇ ಸ್ವಲ್ಪ ನೋಡ್ತೀರಾ?"

ಸುಳ್ಳೇಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. ಆದರೂ ತಕ್ಷಣ ಏಳಲಿಲ್ಲ. ಹೋದ ಕಿವಿಯನ್ನು ವಾಪಸು ತಂದು, ಫೋಟೋ ಪ್ರಿಂಟಿಗೆ ಕೊಟ್ಟು, ಆಮೇಲೆ ಎದ್ದೆ.

ಮೊದಲು ತಾರೀಖು ಸರಿಯಿದೆಯೇ ನೋಡಿದೆ, ಅದು ತಪ್ಪಿದ್ದರೂ ಇವು ಹೀಗೆ ಹಟ ಹಿಡಿಯುವುದುಂಟು. ಸರಿಯಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಲ್ಕುಲೇಟರ್ ಹುಡುಕಿ ರಿಪೇರಿ ಒತ್ತಿದೆ. ಜಗ್ಗಲಿಲ್ಲ. ಹೊಸದಾಗಿ ಏನಾದರೂ ಹಾಕಿದ್ದೀರಾ ಎಂದು ಕೇಳಿದೆ. ಚಿಕ್ಕವಳು ನೆಲ ನೋಡಿದಳು. ಆಗಲೇ ನನಗೆ ವಾಸನೆ ಹತ್ತಿತು. ಸಾಫ್ಟ್‌ವೇರ್‌ಗಳ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಎಲ್ಲಕ್ಕಿಂತ ಮೇಲೆ ಕುಳಿತಿತ್ತು, ಕಂಪ್ಯೂಟರನ್ನು ಗುಡಿಸಿ ಒರೆಸಿ ವೇಗ ಹೆಚ್ಚಿಸುತ್ತೇನೆ ಎಂದು ಬೊಗಳೆ ಬಿಡುವ ಪುಕ್ಕಟೆ ಕ್ಲೀನರ್. ಕಸದ ಜೊತೆ ಮನೆಯ ಸಾಮಾನನ್ನೂ ಬೀದಿಗೆ ಎಸೆಯುವ ಜಾತಿ ಅದು.

ಇದನ್ನು ಹಾಕಿದ್ದು ಯಾರೆಂದು ಕೇಳಿದೆ. ಅವಳು ಮೇಜಿನ ಮೇಲಿದ್ದ ಹಾಳೆಗಳನ್ನು ಜೋಡಿಸತೊಡಗಿದಳು. ಕ್ಲೀನರನ್ನು ಕಿತ್ತುಹಾಕಿದೆ. ಕಪ್ಪು ಕಿಟಕಿ ತೆರೆದು, ಒಳಗಿನ ಸಾಮಾನುಗಳನ್ನೆಲ್ಲ ಮತ್ತೆ ದಾಖಲು ಮಾಡಿಕೊಳ್ಳುವಂತೆ ಉದ್ದನೆಯ ಆಜ್ಞೆಯೊಂದನ್ನು ಟೈಪ್ ಮಾಡಿದೆ. ಅಕ್ಷರಗಳು ಸರಸರ ಓಡಿದವು. ರೀಸ್ಟಾರ್ಟ್ ಮಾಡಿ ಒತ್ತಿದರೆ ಕ್ಯಾಲ್ಕುಲೇಟರ್ ತೆರೆದುಕೊಂಡಿತು. ಫೋಟೋಗಳೂ ತೆರೆದವು. ಚಿಕ್ಕವಳ ಮುಖ ಅರಳಿತು. ಅವಳ ಮುಖ ಅರಳಿ ನನಗೇನಾಗಬೇಕು, ನಾನು ಕಾಯುತ್ತಿದ್ದುದು ಮಾವನಿಗಾಗಿ.

ಮಾವ ಎದ್ದು ಬಂದರು. ಪರದೆ ನೋಡಿ, "ಸರಿ ಮಾಡಿಬಿಟ್ಟೆಯಲ್ಲೇ ಚಿಕ್ಕವಳೇ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಮಾಡಿದ್ದು ಅಕ್ಕ ಎಂದು ಅವಳೇ ಹೇಳಿದಳು. ಮಾವ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನನ್ನ ಕಡೆ ತಿರುಗಿದರು.

"ಆ ಕ್ಲೀನರ್ ಹಾಕಿದ್ದು ನಾನೇ ಕಣಮ್ಮ. ಅವಳಿಗೆ ಹೇಳಿದ್ದೆ, ನಿನಗೆ ಗೊತ್ತಾಗೋದು ಬೇಡ ಅಂತ."

ಇಬ್ಬರೂ ಸೇರಿ ನನ್ನಿಂದ ಗುಟ್ಟು ಮುಚ್ಚಿಟ್ಟಿದ್ದರು! ಕಂಪ್ಯೂಟರ್ ಕೆಟ್ಟದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಅವಳಿಗೆ ಏನೂ ಬರುವುದಿಲ್ಲ, ಹಾಗಿದ್ದೂ ಅವಳನ್ನೇ ಯಾಕೆ ಕರೆದಿರಿ ಎಂದು ಕೇಳಿಯೇಬಿಟ್ಟೆ.

ಮಾವ ಗಲ್ಲಾದ ಕುರ್ಚಿಯಲ್ಲಿ ಕುಳಿತು ಮಂಡಿ ನೀವಿಕೊಂಡರು. "ಅವಳಿಗೆ ಬರಲ್ಲ ಅಂತ ನನಗೂ ಗೊತ್ತು. ನನಗೂ ಬರಲ್ಲ. ಇಬ್ಬರೂ ಕೂತು ತಡಕಾಡ್ತೀವಿ. ನಿನ್ನ ಕರೆದ್ರೆ, ಗೊತ್ತಿಲ್ಲದವನು ನಾನೊಬ್ಬನೇ ಆಗ್ಬಿಡ್ತೀನಿ. ಆಮೇಲೆ ನೀನು ಬೈತೀಯ."

"ನಾನು ಯಾವಾಗ ಬೈದೆ?" ಎಂದೆ. ಅದು ಹೊರಬಿದ್ದ ದನಿಗೆ ಬಾಗಿಲಲ್ಲಿದ್ದ ಗಿರಾಕಿ ಮೆಟ್ಟಿಲಿಂದ ಒಂದು ಹೆಜ್ಜೆ ಕೆಳಗಿಳಿದ.

ಚಿಕ್ಕವಳು ಮೆಲ್ಲಗೆ ಹಿಂದಿನ ಕೋಣೆಗೆ ಜಾರಿಕೊಂಡಳು. ಗಿರಾಕಿ ತನ್ನ ಜೆರಾಕ್ಸ್ ಮಾಡಿಸಿಕೊಂಡು ಹೋದ. ಆಮೇಲೆ ಮಾವ, ಗಲ್ಲಾ ಇನ್ನು ನೀನೇ ನೋಡಿಕೊ, ಅದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ, ಅಂಗಡಿ ನಡೆಸುವ ತಾಕತ್ತು ನಿನಗೇ ಇರುವುದು ಎಂದರು. ಮೇಜು ಹಿಡಿದು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. ಇಷ್ಟು ದಿನ ಬಯಸಿದ್ದ ಜಾಗದಲ್ಲಿ ಕುಳಿತೆ. ಕುರ್ಚಿ ಇನ್ನೂ ಬೆಚ್ಚಗಿತ್ತು.

ಮಾವ ಕುಂಟುತ್ತ ಹಿಂದಿನ ಕೋಣೆಗೆ ಹೋಗಿ ಚಿಕ್ಕವಳ ಪಕ್ಕ ಕುಳಿತರು. ಲ್ಯಾಮಿನೇಶನ್ ಮಾಡುವುದನ್ನು ತನಗೂ ಹೇಳಿಕೊಡು ಎಂದು ಕೇಳುತ್ತಿದ್ದರು. ಅವಳು ಹೇಳಿಕೊಡುತ್ತಿದ್ದಳು, ಅದೂ ತಪ್ಪು ತಪ್ಪಾಗಿ. ಅಷ್ಟು ತೆಳ್ಳನೆಯ ಹಾಳೆಗೆ ಅಷ್ಟು ಬಿಸಿ ಇಟ್ಟರೆ ಸುಕ್ಕುಗಟ್ಟದೆ ಇರುತ್ತದೆಯೇ? ಸುಕ್ಕುಗಟ್ಟಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಹೇಳಿಬಿಡೋಣವೆಂದು ಬಾಯಿ ತೆರೆದೆ, ಮುಚ್ಚಿಕೊಂಡೆ. ಗಲ್ಲಾದಲ್ಲಿ ಕುಳಿತು ಹೊಟ್ಟೆ ಉರಿದುಕೊಂಡೆ.